ಬೇಳೆ ಬೇಯದ ಬೇಸಿಗೆ

ಕೊರೊನಾ ಹಾವಳಿ ತಣ್ಣಗಾದ ಮೇಲಿನ ಮೊದಲ ಬೇಸಿಗೆ. ಕಲಬುರಗಿ ಜಿಲ್ಲೆಯ ಒಂದು ಸಣ್ಣ ಪುರಸಭೆಗೆ ನಾನು ಆಗ ಮುಖ್ಯಾಧಿಕಾರಿ. ಜನರ ಬಾಯಲ್ಲಿ ಚೀಫ್ ಆಫೀಸರ್ ಮೇಡಂ. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಅಲ್ಲಿನವರು ನಾಳೆಯೇ ಫೋನ್ ಮಾಡಿ, "ಅವರ ಹೆಸರು ಬರದೀರಿ, ನನ್ನ ಹೆಸರು ಯಾಕ ಬಿಟ್ರಿ?" ಎಂದು ಜಗಳ ತೆಗೆಯುತ್ತಾರೆ. ವಾಡಿ ಜಂಕ್ಷನ್ನಿನಲ್ಲಿ ರೈಲು ಬದಲಿಸುವವರಿಗೂ, ಶಹಾಬಾದ್, ಚಿತ್ತಾಪುರ, ಸೇಡಂ ನಡುವೆ ಬಸ್ಸಿನಲ್ಲಿ ಓಡಾಡುವವರಿಗೂ ಆ ಊರು ಗೊತ್ತು ಎಂದಷ್ಟೇ ಹೇಳಿದರೆ ಸಾಕು. ನಾನು ಹುಟ್ಟಿದ್ದು ಚಿಂಚೋಳಿ ತಾಲೂಕಿನ ಸುಲೇಪೇಟದಲ್ಲಿ. ನನ್ನ ನೌಕರಿಯ ಬಹುಪಾಲು ಇದೇ ತಾಲೂಕುಗಳಲ್ಲಿ ಗಾಣದೆತ್ತಿನ ಹಾಗೆ ಸುತ್ತಿ ಮುಗಿಯುವ ಹಂತಕ್ಕೆ ಬಂದಿತ್ತು. ಜನರ ಸಭೆ ಎಂದರೆ ಏನು, ಅಲ್ಲಿ ಯಾರು ಏನು ಮಾತಾಡುತ್ತಾರೆ ಎಂಬುದೆಲ್ಲ ನನಗೆ ಬಾಯಿಪಾಠ ಎಂಬ ಜಂಬವೂ ಇತ್ತು. ಆ ಬೇಸಿಗೆ ಆ ಜಂಬವನ್ನು ಇಳಿಸಿತು.

ಮೊದಲು ಊರಿನ ನೀರಿನ ವಿಷಯ ಹೇಳಬೇಕು. ಕುಡಿಯುವ ನೀರು ಕಾಗಿಣಾ ನದಿಯಿಂದ ಬರುತ್ತಿತ್ತು. ನದಿಯ ದಂಡೆಯಲ್ಲಿ ಜಾಕ್‌ವೆಲ್, ಅಂದರೆ ನದಿ ನೀರು ಬಂದು ತುಂಬಿಕೊಳ್ಳುವ ದೊಡ್ಡ ಬಾವಿ. ಅಲ್ಲಿಂದ ಪಂಪುಗಳು ನೀರನ್ನು ಎತ್ತಿ ಶುದ್ಧೀಕರಣ ಘಟಕಕ್ಕೂ, ಅಲ್ಲಿಂದ ಊರಿನ ಎತ್ತರದ ಟ್ಯಾಂಕಿಗೂ ತಳ್ಳುತ್ತಿದ್ದವು. ಟ್ಯಾಂಕಿನ ಬುಡದಲ್ಲೇ ಇದ್ದದ್ದು ಪೇಟೆ ಓಣಿ: ಅಡತಿ ಅಂಗಡಿಗಳು, ದಾಲ್ ಮಿಲ್ಲಿನವರ ಮನೆಗಳು, ನಿವೃತ್ತ ಅಧಿಕಾರಿಗಳ ಮಹಡಿ ಮನೆಗಳು. ಅಲ್ಲಿ ನಳ ತಿರುಗಿಸಿದರೆ ನೀರು ಧೋ ಎಂದು ಬೀಳುತ್ತಿತ್ತು. ಊರಿನ ಇನ್ನೊಂದು ತುದಿಯಲ್ಲಿ ಖಣಿ ಓಣಿ. ಈ ಭಾಗದ ಚಪ್ಪಟೆ ಹಾಸುಗಲ್ಲನ್ನು ಹೊರಗಿನವರು ಶಹಾಬಾದ್ ಕಲ್ಲು ಎನ್ನುತ್ತಾರೆ, ನಮ್ಮವರು ಫರಸಿ ಎನ್ನುತ್ತಾರೆ. ಆ ಫರಸಿಯನ್ನು ನೆಲದಿಂದ ಎಬ್ಬಿಸುವ ಮತ್ತು ಪಾಲಿಶ್ ಮಾಡುವ ಕೂಲಿಯವರ ಮನೆಗಳು ಅಲ್ಲಿದ್ದವು. ಬಹಳಷ್ಟು ಬೌದ್ಧರಾದ ದಲಿತ ಕುಟುಂಬಗಳು. ಓಣಿ ಕುಳಿತದ್ದೇ ಹಾಸುಬಂಡೆಯ ಮೇಲೆ. ಪೈಪು ಹಾಕಲು ಬಂಡೆ ಕಡಿಯಬೇಕು, ಕಡಿಯಲು ಅನುದಾನ ಬೇಕು, ಅನುದಾನಕ್ಕೆ ಪ್ರಸ್ತಾವನೆ ಹೋಗಿ ಬೆಂಗಳೂರಿನಲ್ಲಿ ಎಲ್ಲೋ ನಿದ್ದೆ ಮಾಡುತ್ತಿತ್ತು. ಹಾಗಾಗಿ ಖಣಿ ಓಣಿಗೆ ಇದೇ ಟ್ಯಾಂಕಿನ ನೀರು ತುಂಬಿಕೊಂಡು ದಿನವೂ ಬಾಡಿಗೆ ಟ್ಯಾಂಕರ್ ಹೋಗುತ್ತಿತ್ತು.

ಆ ವರ್ಷ ಪುರಸಭೆಯ ಬೊಕ್ಕಸ ಬರಿದಾಗಿತ್ತು. ಕೊರೊನಾ ಕಾಲದಲ್ಲಿ ಮನೆ ತೆರಿಗೆ ಸರಿಯಾಗಿ ಬರಲಿಲ್ಲ, ಸಂತೆ ಹರಾಜು ಆಗಲಿಲ್ಲ, ಆದರೆ ಪಂಪುಗಳು ಮಾತ್ರ ಒಂದು ದಿನವೂ ನಿಲ್ಲಲಿಲ್ಲ. ವಿದ್ಯುತ್ ಬಾಕಿ ಬೆಳೆದು ಬೆಟ್ಟವಾಗಿತ್ತು. ಜಿಲ್ಲಾ ಕಚೇರಿಯಿಂದ ಖಡಕ್ ಸೂಚನೆ ಬಂತು: ಚಾಲ್ತಿ ವೆಚ್ಚ, ಅಂದರೆ ತಿಂಗಳು ತಿಂಗಳು ತಪ್ಪದೆ ಆಗುವ ಖರ್ಚು, ಅದನ್ನು ಹೇಗೆ ಇಳಿಸುತ್ತೀರಿ ಎಂದು ತಿಂಗಳೊಳಗೆ ಹೇಳಬೇಕು. ಹೇಳದಿದ್ದರೆ ಬಾಡಿಗೆ ವಾಹನಗಳ ಬಿಲ್ಲನ್ನು ಮೊದಲು ತಡೆಹಿಡಿಯಲಾಗುವುದು. ನಮ್ಮಲ್ಲಿ ಬಾಡಿಗೆ ವಾಹನ ಎಂದರೆ ಖಣಿ ಓಣಿಯ ಟ್ಯಾಂಕರ್ ಒಂದೇ. ಸೂಚನೆಯ ಕೊನೆಗೆ ಇನ್ನೊಂದು ಸಾಲು ಇತ್ತು, ನಾಗರಿಕರ ಸಭೆ ಕರೆದು ಅವರ ಸಲಹೆಗಳನ್ನೂ ಪಡೆಯತಕ್ಕದ್ದು ಎಂದು.

ನಮ್ಮ ಜೂನಿಯರ್ ಇಂಜಿನಿಯರ್ ಖಾಜಾ ಅದನ್ನು ಓದಿ ನಕ್ಕುಬಿಟ್ಟ. "ಮೇಡಂ, ಜನರಿಗಿ ಖರ್ಚ್ ಹೆಚ್ಚು ಮಾಡೋದು ಕೇಳ್ರಿ, ಮುಂಜಾನಿಂದ ಸಂಜಿ ತನಕ ಹೇಳ್ತಾರ. ಕಮ್ಮಿ ಮಾಡೋದು ಕೇಳಿದ್ರ ನಿಮ್ಮ ಜೀಪ್ ಮಾರ್ರಿ ಅಂತಾರ, ಅಷ್ಟೇ." ನನಗೂ ಹಾಗೇ ಅನ್ನಿಸಿತ್ತು. ಆದರೂ ಸಭೆ ಕರೆದೆವು. ಆಟೋದಲ್ಲಿ ಮೈಕು ಕಟ್ಟಿ ಓಣಿ ಓಣಿಗೆ ಸಾರಿದೆವು.

ನಮ್ಮ ಭಾಗದ ಜನರಿಗೆ ಒಂದು ಗುಣವಿದೆ. ಮನೆಯಲ್ಲಿ ಹಿಟ್ಟು ಇಲ್ಲದಿದ್ದರೂ ಬಂದವರಿಗೆ ಹೋಳಿಗೆ ಮಾಡಬೇಕು. ಖರ್ಚು ಕಡಿಮೆ ಮಾಡುವ ಸಭೆಗೆಂದು ನಾನು ಸಮುದಾಯ ಭವನಕ್ಕೆ ಕಾಲಿಟ್ಟರೆ ಬಾಗಿಲಿಗೆ ಹೂವಿನ ತೋರಣ, ವೇದಿಕೆಗೆ ಹೊಸ ಜಮಖಾನ, ಮೇಜಿನ ಮೇಲೆ ಮಡಚಿಟ್ಟ ಶಾಲುಗಳ ಗುಡ್ಡೆ. ಹಿಂದಿನಿಂದ ಒಗ್ಗರಣೆಯ ವಾಸನೆ ಬೇರೆ. ಸದಸ್ಯರೊಬ್ಬರು ನನಗೆ ಶಾಲು ಹೊದಿಸಲು ಬಂದಾಗ, "ಇದರ ಬಿಲ್ಲು ಯಾರಿಗೆ?" ಎಂದು ಕೇಳಿದೆ. ಅವರು ಬಹಳ ವಿನಯದಿಂದ, "ಪುರಸಭಾಕ್ಕರಿ" ಎಂದರು. ಭವನಕ್ಕೆ ಭವನವೇ ನಕ್ಕಿತು. ಶಾಲುಗಳನ್ನು ಅಂಗಡಿಗೆ ವಾಪಸು ಕಳಿಸಿದೆವು. ಆ ದಿನದ ಮೊದಲ ಉಳಿತಾಯ ಅದು.

ಸಲಹೆಗಳು ಶುರುವಾದವು. ಖಾಜಾ ಹೇಳಿದ ಹಾಗೆ ಮೊದಲನೆಯದು ನನ್ನ ಜೀಪು. ಎರಡನೆಯದು ಕಚೇರಿಯ ಚಹಾ. ಆಮೇಲೆ ಬಸ್ ಸ್ಟ್ಯಾಂಡಿನವರು ಪಾರ್ಕಿನ ಕಾರಂಜಿ ನಿಲ್ಲಿಸಿ ಎಂದರು, ಪಾರ್ಕಿನ ಹತ್ತಿರದವರು ಬಸ್ ಸ್ಟ್ಯಾಂಡಿನ ದೊಡ್ಡ ದೀಪ ಆರಿಸಿ ಎಂದರು. ಮೇಲಿನ ಓಣಿಯವರು ಕೆಳಗಿನ ಓಣಿಯ ಚರಂಡಿ ಕೆಲಸ ಮುಂದೂಡಿ ಎಂದರು, ಕೆಳಗಿನವರು ಸುಮ್ಮನಿರುತ್ತಾರೆಯೇ? ಅತ್ತೆಯ ಸೊತ್ತನ್ನು ಅಳಿಯ ದಾನ ಮಾಡಿದ ಹಾಗೆ, ಪ್ರತಿಯೊಬ್ಬರೂ ಬೇರೆಯವರದ್ದನ್ನು ಧಾರಾಳವಾಗಿ ಬಿಟ್ಟುಕೊಡುತ್ತಿದ್ದರು. ನಾನು ಪೆನ್ನು ಮುಚ್ಚಿ ಕೈಕಟ್ಟಿ ಕುಳಿತೆ.

ಆಗ ಚನ್ನವೀರಪ್ಪ ಎದ್ದರು. ಅವರು ಪೇಟೆ ಓಣಿಯ ತೊಗರಿ ಬೇಳೆ ವ್ಯಾಪಾರಿ, ದಾಲ್ ಮಿಲ್ಲಿನ ಮಾಲೀಕರು. ಹಣೆಯ ತುಂಬ ವಿಭೂತಿ, ಮಾತು ತೂಕದ್ದು. ಊರಿನಲ್ಲಿ ಅವರು ಎದ್ದು ನಿಂತರೆಂದರೆ ಉಳಿದವರು ಕೂರುತ್ತಾರೆ.

"ಮೇಡಂ, ಸಣ್ಣ ಸಣ್ಣವು ಹಿಡಕೊಂಡು ಏನ್ ಮಾಡ್ತೀರಿ? ಚಹಾ ಬಂದ್ ಮಾಡಿದ್ರ ಪಂಪಿನ ಬಿಲ್ ಮುಟ್ಟತದೇನ್ರಿ? ದೊಡ್ಡ ಖರ್ಚ್ ನೋಡ್ರಿ. ಟ್ಯಾಂಕರ್. ನಾಕು ಮನಿ ಸಲ್ಯಾಗಿ ದಿನಾ ಟ್ಯಾಂಕರ್ ಓಡ್ಲಿಕತ್ತದ. ಜರಾ ದಿನ ಬಂದ್ ಇಡ್ರಿ. ಸ್ಟೇಷನ್ ಹತ್ರ ಸರ್ಕಾರಿ ನಳ ಅದ, ಹೋಗಿ ತುಂಬಕೋತಾರ."

ಅವರ ಮಾತಿನಲ್ಲಿ ದ್ವೇಷವಿರಲಿಲ್ಲ. ವ್ಯಾಪಾರಿಯ ಲೆಕ್ಕ, ಅಷ್ಟೇ. ಭವನದ ತುಂಬ ಚಪ್ಪಾಳೆ ಬಿತ್ತು. ಅದು ನಿರಾಳದ ಚಪ್ಪಾಳೆ, ಹೋಗುವುದು ನಮ್ಮ ಮನೆಯಿಂದಲ್ಲ ಎಂಬ ನಿರಾಳ. ಕಾಗದದ ಮೇಲೆ ಅದೇ ಅತ್ಯಂತ ಸುಲಭದ ಉತ್ತರವಾಗಿತ್ತು. ಜಿಲ್ಲಾ ಕಚೇರಿಯೂ ಅದನ್ನೇ ಬಯಸುತ್ತಿತ್ತು. ಈಗ ಜನರ ಸಭೆಯೂ ಅದನ್ನೇ ಹೇಳಿದರೆ ತಡೆಯುವುದಕ್ಕೆ ನಾನು ಯಾರು? ಸ್ಟೇಷನ್ ಹತ್ತಿರದ ಆ ನಳದ ಮುಂದೆ ಬೇಸಿಗೆಯಲ್ಲಿ ಎಂಥ ಸಾಲು ನಿಲ್ಲುತ್ತದೆ ಎಂಬುದು ನನಗೆ ಗೊತ್ತಿತ್ತು. ಅಲ್ಲಿ ಬೆಳಗು ಕಳೆದರೆ ಕೂಲಿ ಹೋಯಿತು.

ಹೆಂಗಸರ ಸಾಲಿನಿಂದ ಶಾಂತಾಬಾಯಿ ಎದ್ದಳು. ಖಣಿ ಓಣಿಯವಳು. ಗಂಡನ ಜೊತೆ ವರ್ಷಗಟ್ಟಲೆ ಖಣಿಯಲ್ಲಿ ದುಡಿದು, ಈಗ ಪಾಲಿಶ್ ಮಶೀನಿನಲ್ಲಿ ಕೆಲಸ ಮಾಡುತ್ತಿದ್ದಳು. ಪುರಸಭೆಗೆ ಅವಳು ಬಂದರೆ ಗುಮಾಸ್ತರು ಊಟಕ್ಕೆ ಹೋಗಿಬಿಡುತ್ತಿದ್ದರು, ಅಂಥ ಬಾಯಿ. ಇವತ್ತು ಚನ್ನವೀರಪ್ಪನವರ ಮರ್ಯಾದೆ ಮಣ್ಣುಪಾಲಾಯಿತು ಎಂದುಕೊಂಡೆ. ಆದರೆ ಅವಳು ದನಿ ಏರಿಸಲಿಲ್ಲ.

"ಟ್ಯಾಂಕರ್ ನಿಂತ್ರ ನಮ್ಮ ಪಗಾರ ನಿಂತಂಗ್ರಿ. ಅದು ಎಲ್ಲಾರಿಗಿ ಗೊತ್ತದ, ಅದನ್ನ ನಾ ಹೇಳಂಗಿಲ್ಲ. ನಮ್ಮ ಖಣ್ಯಾಗ ಒಂದು ರಿವಾಜ್ ಅದ, ಅದನ್ನ ಹೇಳ್ತೀನಿ. ದೊಡ್ಡ ಫರಸಿ ಎತ್ತಬೇಕಾದ್ರ, ಇಳಸಬೇಕಾದ್ರ, ಒಬ್ರು ಕೂಗ್ತಾರ. ಎತ್ರಿ ಅಂತ, ಬಿಡ್ರಿ ಅಂತ. ಆ ಕೂಗಾವರ ಕೈ ಕಲ್ಲಿನ ಬುಡಕ ಇರಬೇಕು. ದಂಡಿಗಿ ನಿಂತು ಕೂಗಿದ್ರ ಯಾರೂ ಕೇಳಂಗಿಲ್ರಿ. ಯಾಕಂದ್ರ ದಂಡಿಗಿ ನಿಂತಾವನ ಬೆರಳು ಜಜ್ಜಂಗಿಲ್ಲ."

ಅವಳು ಒಮ್ಮೆ ಭವನವನ್ನೆಲ್ಲ ನೋಡಿದಳು.

"ಮುಂಜಾನಿಂದ ಎಲ್ಲಾರೂ ಕೂಗಾಕತ್ತೀರಿ. ಅದು ಬಂದ್ ಮಾಡ್ರಿ, ಇದು ಬಂದ್ ಮಾಡ್ರಿ. ಯಾರ ಕೈ ಬುಡಕದ, ಒಮ್ಮಿ ತೋರಸ್ರಿ. ನಮ್ಮ ಕೈ ನಾವು ಮೊದಲ ಇಡ್ತೀವಿ. ಟ್ಯಾಂಕರ್ ದಿನಾ ಬ್ಯಾಡ, ದಿನಾ ಬಿಟ್ಟು ದಿನಾ ಬರ್ಲಿ. ಹೊಂದಿಸ್ಕೋತೀವಿ. ಇನ್ನ ನೀವು ಹೇಳ್ರಿ."

ಹೇಳಿ ಕೂತುಬಿಟ್ಟಳು. ಎಲ್ಲರ ಕಣ್ಣೂ ಚನ್ನವೀರಪ್ಪನವರ ಮೇಲೆ. ಅವರ ಮುಖ ಕೆಂಪಾಗಿತ್ತು. ಇನ್ನು ಜಗಳ ಹತ್ತುತ್ತದೆ, ಪೊಲೀಸರಿಗೆ ಫೋನ್ ಮಾಡಬೇಕೋ ಏನೋ ಎಂದು ನಾನು ಖಾಜಾನ ಕಡೆ ನೋಡಿದೆ. ಚನ್ನವೀರಪ್ಪ ಹೆಗಲ ಮೇಲಿನ ವಲ್ಲಿಯಿಂದ ಮುಖ ಒರೆಸಿಕೊಂಡು ಮತ್ತೆ ಎದ್ದರು.

"ಶಾಂತಾಬಾಯಿ, ಭಾಳ ಜೋರ್ ಮಾತಾಡ್ದಿ," ಎಂದರು. ಸ್ವಲ್ಪ ತಡೆದು, "ಖರೇ ಮಾತಾಡ್ದಿ," ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ಮೇಡಂ, ನನ್ನ ಮನ್ಯಾಗ ಬೋರ್ ಅದ. ಅದರ ಮ್ಯಾಲ ನಿಮ್ಮ ನಳ ಎರಡವ. ನಳಕ್ಕ ಮೋಟರ್ ಹಚ್ಚಿ ಮನಿ ಟಾಕಿ ತುಂಬಸ್ತೀವಿ, ಕಾರ್ ತೊಳಿತೀವಿ, ಗಿಡಕ್ಕ ಬಿಡ್ತೀವಿ. ಎರಡೂ ನಳ ಕಡೀರಿ. ನನ್ನ ಕೈ ಇಟ್ಟೀನಿ. ಟ್ಯಾಂಕರ್ ಮಾತು ವಾಪಸ್ ತಗೊಂಡೀನಿ."

ಆ ಮೇಲೆ ನಡೆದದ್ದನ್ನು ನೆನೆದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಒಬ್ಬೊಬ್ಬರಾಗಿ ಜನ ಎದ್ದು ನಿಲ್ಲತೊಡಗಿದರು. ಬೋರ್ ಇದ್ದ ಮನೆಯವರು ನಳ ಬಿಟ್ಟರು. ಒಬ್ಬ ನಿವೃತ್ತ ಮಾಸ್ತರರು ತಮ್ಮ ಓಣಿಯಲ್ಲಿ ಕಂಬಕ್ಕೊಂದು ದೀಪವಿದೆ, ಒಂದು ಬಿಟ್ಟು ಒಂದು ಉರಿದರೆ ಸಾಕು ಎಂದರು. ಇದೇ ಮಾಸ್ತರರು ಆ ಕಂಬಗಳಲ್ಲಿ ಒಂದರ ಬಲ್ಬಿಗಾಗಿ ನನ್ನ ಮೇಲೆ ಮೇಲಧಿಕಾರಿಗಳಿಗೆ ಅರ್ಜಿ ಬರೆದವರು. ಪುರಸಭೆಯ ಸದಸ್ಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಇನ್ನು ಸುಮ್ಮನೆ ಕುಳಿತರೆ ಮುಂದಿನ ಚುನಾವಣೆಯಲ್ಲಿ ಗತಿಯಿಲ್ಲ ಎಂದು ತಿಳಿದು, ತಮ್ಮ ಸಭಾ ಭತ್ಯೆ ಬಿಟ್ಟರು. ಒಬ್ಬ ಮಹಾನುಭಾವ ಎದ್ದು, "ನಮ್ಮ ಬಾಜೂ ಮನಿ ನಳ ಕಡೀರಿ" ಎಂದ. ಇಡೀ ಭವನ, "ನಿನ್ನ ಕೈ ಎಲ್ಲದ? ಕೈ ತೋರಸು!" ಎಂದು ಕೂಗಿತು. ಪಾಪ, ನಗುತ್ತ ತನ್ನದನ್ನೂ ಬಿಟ್ಟ.

ಜೀಪು ಬಿಡಲು ನಾನೂ ಎದ್ದೆ. ಕಚೇರಿಯಿಂದ ಮನೆಗೆ ನಡೆದೇ ಹೋಗುವುದಾಗಿ ಹೇಳಿದೆ. ಅಷ್ಟು ಹೊತ್ತಿಗೆ ನನ್ನ ಕಾಲುಗಳಿಗೆ ಅದೇ ಬೇಕಾಗಿತ್ತು, ಕೂತಲ್ಲಿ ಕೂರಲಾಗುತ್ತಿರಲಿಲ್ಲ. ನಮ್ಮ ಜನ ಬೇಡುವುದನ್ನು ನಾನು ನೋಡಿದ್ದೆ, ಬೈಯುವುದನ್ನು ನೋಡಿದ್ದೆ. ಸಾರ್ವಜನಿಕವಾಗಿ ಎದ್ದು ನಿಂತು ತಮ್ಮದೊಂದನ್ನು ಬಿಡುವುದನ್ನು ಎಂದೂ ನೋಡಿರಲಿಲ್ಲ.

ಆದರೂ ಹಳೆಯ ನೌಕರಿಯವಳು ನಾನು. ಸಭೆಯಲ್ಲಿ ಬಂದ ವೈರಾಗ್ಯ ಮನೆಯ ಹೊಸ್ತಿಲು ದಾಟುವುದಿಲ್ಲ ಎಂದು ಅನುಭವ ಹೇಳುತ್ತಿತ್ತು. ಅದಕ್ಕೇ ಮರುದಿನ ಬೆಳಿಗ್ಗೆ ಖಾಜಾನನ್ನೂ ಪ್ಲಂಬರ್‌ನನ್ನೂ ಕರೆದುಕೊಂಡು ಪೇಟೆ ಓಣಿಗೆ ಹೋದೆ. ಚನ್ನವೀರಪ್ಪ ಅಂಗಳದಲ್ಲಿ ಕಾಯುತ್ತಿದ್ದರು. "ತಡಾ ಮಾಡಿದ್ರಿ" ಎಂದರು. ನಳ ಕಡಿದು ಮುಚ್ಚಳ ಹಾಕುವವರೆಗೆ ಅಲ್ಲೇ ನಿಂತು ನೋಡಿ, ಪ್ಲಂಬರ್‌ಗೆ ಚಹಾ ಕುಡಿಸಿ ಕಳಿಸಿದರು. ಅವರ ಮನೆಯ ನಳ ಹೋಯಿತೆಂದು ಗೊತ್ತಾದ ಮೇಲೆ ಉಳಿದವರು ಮಾತು ಹಿಂದೆ ತೆಗೆದುಕೊಳ್ಳುವುದು ಹೇಗೆ? ಒಂದು ವಾರದಲ್ಲಿ ಓಣಿ ಮುಗಿಯಿತು.

ಪರಿಣಾಮ ಬೇಗ ಕಾಣಿಸಿತು. ಪೇಟೆ ಓಣಿ ಹೀರುತ್ತಿದ್ದ ನೀರು ಟ್ಯಾಂಕಿನಲ್ಲೇ ಉಳಿಯತೊಡಗಿತು. ಟ್ಯಾಂಕು ಬೇಗ ತುಂಬಿದ್ದರಿಂದ ಪಂಪುಗಳು ನಡೆಯುವ ಹೊತ್ತು ಇಳಿಯಿತು, ಪಂಪು ನಿಂತಷ್ಟೂ ಬಿಲ್ಲು ಇಳಿಯಿತು. ಖಾಜಾ ದಿನವೂ ಮೀಟರ್ ನೋಡಿ ಬಂದು, "ಮೇಡಂ, ಅಲ್ಲಾ ಕಸಂ, ಹಿಂಗ ಎಂದೂ ನೋಡಿಲ್ಲ" ಎನ್ನುತ್ತಿದ್ದ. ನಾವು ಜಿಲ್ಲಾ ಕಚೇರಿಗೆ ಯೋಜನೆ ಕಳಿಸಿದೆವು. ಅಲ್ಲಿಂದ ಉತ್ತರ ಬಂತು: ಎರಡು ತಿಂಗಳು ನೋಡುತ್ತೇವೆ, ಇದು ಉಳಿದರೆ ಟ್ಯಾಂಕರ್ ಉಳಿಯುತ್ತದೆ. ಎಲ್ಲವೂ ಆ 'ಉಳಿದರೆ' ಎಂಬುದರ ಮೇಲೆ ನಿಂತಿತ್ತು.

ಯಾರೂ ಯೋಚಿಸದಿದ್ದ ಸಂಗತಿಯೊಂದು ಈಗ ಹೊರಬಿತ್ತು. ನಮ್ಮದು ಸುಣ್ಣಕಲ್ಲಿನ ನೆಲ. ಸುತ್ತಲೂ ಸಿಮೆಂಟ್ ಕಾರ್ಖಾನೆಗಳು ಸುಮ್ಮನೆ ಬಂದು ಕೂತಿಲ್ಲ. ಆ ನೆಲದ ಆಳದಿಂದ ಬರುವ ಬೋರ್ ನೀರು ಬಲು ಗಡುಸು, ಕಾಯಿಸಿದ ಪಾತ್ರೆಗೆ ಬಿಳಿ ಪದರು ಕಟ್ಟುತ್ತದೆ. ಸ್ನಾನಕ್ಕೆ, ಬಟ್ಟೆಗೆ ನಡೆಯುತ್ತದೆ. ಆದರೆ ಅದರಲ್ಲಿ ತೊಗರಿ ಬೇಳೆ ಬೇಯುವುದಿಲ್ಲ. ಕುಕ್ಕರ್ ಸೀಟಿ ಹೊಡೆದು ಹೊಡೆದು ಸುಸ್ತಾದರೂ ಬೇಳೆ ಹೋಳು ಹೋಳಾಗಿ ಹಾಗೇ ಕೂತಿರುತ್ತದೆ. ಪೇಟೆಯವರು ಇಷ್ಟು ವರ್ಷ ಅಡಿಗೆಗೆ ನಳದ ನೀರನ್ನೇ ಬಳಸುತ್ತಿದ್ದರು. ಕ್ಯಾನ್ ನೀರು ಮಾರುವವನ ಹತ್ತಿರ ಆ ಬೇಸಿಗೆಯಲ್ಲಿ ಕುಡಿಯುವುದಕ್ಕೇ ಸಾಲುತ್ತಿರಲಿಲ್ಲ. ಸೋಡಾ ಹಾಕಿದರೆ ಬೇಳೆಗೆ ಸಾಬೂನಿನ ವಾಸನೆ. ತೊಗರಿಯ ನಾಡಿನಲ್ಲಿ, ಬೇಳೆ ಮಾರಿ ಮನೆ ಕಟ್ಟಿದವರ ಓಣಿಯಲ್ಲಿ, ಮಧ್ಯಾಹ್ನದ ತಟ್ಟೆಯಲ್ಲಿ ಕಲ್ಲಿನಂಥ ಬೇಳೆ. ಒಂದು ದಿನದ ಮಾತಲ್ಲ, ದಿನವೂ ಅದೇ. ಆದರೂ ಯಾರೂ ನಳ ಕೇಳಲು ಬರಲಿಲ್ಲ. ನನ್ನ ಬೆರಗು ಸಭೆಯ ದಿನಕ್ಕಿಂತ ಈಗಲೇ ದೊಡ್ಡದಾಯಿತು, ಯಾಕೆಂದರೆ ಚಪ್ಪಾಳೆಯ ನಡುವೆ ಬಿಡುವುದು ಬೇರೆ, ದಿನಾ ಎರಡು ಹೊತ್ತು ತಟ್ಟೆಯ ಮುಂದೆ ಕೂತು ಬಿಡುವುದು ಬೇರೆ.

ಖಣಿ ಓಣಿಗೆ ಟ್ಯಾಂಕರ್ ಬಂದ ಒಂದು ದಿನ ನಾನು ಅಲ್ಲಿಗೆ ಹೋಗಿದ್ದೆ. ಕೊಡ ಹಿಡಿದು ನಿಂತ ಹೆಂಗಸರಿಗೆ ಖಾಜಾ ಈ ಸುದ್ದಿ ಹೇಳಿದ. "ಬ್ಯಾಳಿ ಸಾಹುಕಾರ್ರ ಮನ್ಯಾಗ ಬ್ಯಾಳಿ ಬೇಯವಲ್ದಂತ!" ಎಂದು ಅವರು ಬಿದ್ದು ಬಿದ್ದು ನಕ್ಕರು. "ಮಿಲ್ಲಿಗಿ ಹಾಕಿ ಬೀಸ್ಕೊಂಡು ಉಣ್ಣಲಿ" ಎಂದಳೊಬ್ಬಳು. ನಾನೂ ನಕ್ಕೆ. ಶಾಂತಾಬಾಯಿ ಮಾತ್ರ, "ಅವರ ಮನ್ಯಾಗ ಹಲ್ಲಿಲ್ಲದ ಮುದುಕಿ ಅದಾಳಲ್ಲ, ಆಕಿ ಏನ್ ಉಣ್ತಾಳ?" ಎಂದು ಕೇಳಿದಳು. ನಗು ನಿಂತಿತು.

ಆ ಮುದುಕಿ ಚನ್ನವೀರಪ್ಪನವರ ತಾಯಿ ನೀಲಮ್ಮ. ಎರಡು ದಿನ ಬಿಟ್ಟು ಅವರೇ ನನಗೆ ಹೇಳಿ ಕಳಿಸಿದರು, ಮನೆಗೆ ಬರಬೇಕೆಂದು. ಮಗ ಮಿಲ್ಲಿಗೆ ಹೋದ ಹೊತ್ತು ನೋಡಿಯೇ ಕರೆಸಿದ್ದರು. ನನಗೆ ಕಾರಣ ಊಹಿಸುವುದು ಕಷ್ಟವಾಗಲಿಲ್ಲ. ಆದರೂ ಹೋದೆ.

ನೀಲಮ್ಮ ಅಡಿಗೆಮನೆಯ ಬಾಗಿಲಲ್ಲಿ ಮಣೆಯ ಮೇಲೆ ಕುಳಿತಿದ್ದರು. ಕೊರಳಲ್ಲಿ ಲಿಂಗ, ತಲೆ ಬೆಳ್ಳಗೆ, ದನಿ ಮಾತ್ರ ಗಟ್ಟಿ.

"ನೀ ಸುಲೇಪೇಟದಾಕಿ ಅಲ್ಲೇನ? ನಾ ಕೊಡ್ಲಿ ಊರಿನ ಮಗಳು. ಒಂದೇ ತಾಲೂಕಿನಾಕಿ ಅಂತ ಕರಸೀನಿ. ಕುಂದ್ರು. ಉಣ್ಣು."

ಸೊಸೆ ತಟ್ಟೆ ತಂದಿಟ್ಟಳು. ರೊಟ್ಟಿ, ಬೇಳೆ. ಬೇಳೆಯ ತಿಳಿ ಒಂದು ಕಡೆ, ಹೋಳು ಒಂದು ಕಡೆ. ಬಾಯಿಗಿಟ್ಟೆ. ಹಲ್ಲಿದ್ದ ನನಗೇ ಕಷ್ಟವಾಯಿತು.

"ಅಗದ್ಯಾ? ನಾ ರೊಟ್ಟಿ ಬ್ಯಾಳ್ಯಾಗ ನೆನಿಸಿ ಉಣ್ಣಾಕಿ. ಬರೇ ತಿಳಿ ಕುಡದು ಎಷ್ಟ್ ದಿನ ಇರಲಿ? ರೊಕ್ಕ ಕೊಟ್ಟು ತಂದ ನೀರ್ನಾಗ ಈ ಮನ್ಯಾಗ ಎಂದೂ ಅಡಿಗಿ ಆಗಿಲ್ಲ, ನಾ ಇರತನ ಆಗಂಗಿಲ್ಲ. ಮಗಗ ನಳ ಹಚ್ಚಸು ಅಂದ್ರ ಮಾತು ಕೊಟ್ಟೀನಿ ಅಂತಾನ. ಮಾತು ಕೊಟ್ಟಾವ ಅವ, ಹಲ್ಲಿಲ್ಲದಾಕಿ ನಾ. ಒಂದು ನಳ ಹಚ್ಚಸಿಕೊಡು ತಾಯಿ."

ನಾನು ತಟ್ಟೆ ನೋಡುತ್ತ ಕುಳಿತೆ. ಆ ವಯಸ್ಸಿನ ಹೆಂಗಸು ಊಟಕ್ಕಾಗಿ ಕೇಳಿದರೆ ಇಲ್ಲ ಎನ್ನುವುದಕ್ಕೆ ಯಾವ ಬಾಯಿ ಬೇಕು? ಆದರೆ ಈ ಮನೆಯ ನಳ ಬೆಳಿಗ್ಗೆ ಹತ್ತಿದರೆ ಸಂಜೆಯೊಳಗೆ ಓಣಿಯ ಅರ್ಧ ನಳ ಹತ್ತುತ್ತದೆ. ಎಲ್ಲರ ಮನೆಯಲ್ಲೂ ಮುದುಕರಿದ್ದಾರೆ, ಮಕ್ಕಳಿದ್ದಾರೆ. ಪಂಪುಗಳು ಮತ್ತೆ ಹಗಲೂ ರಾತ್ರಿ ಓಡುತ್ತವೆ, ಟ್ಯಾಂಕರ್ ನಿಲ್ಲುತ್ತದೆ. ಒಂದು ತಟ್ಟೆ ಬೇಳೆಯ ಆ ಕಡೆ ಖಣಿ ಓಣಿಯ ಅಷ್ಟೂ ಮನೆಗಳಿದ್ದವು. ನನ್ನ ಇಡೀ ನೌಕರಿಯಲ್ಲಿ ಇಷ್ಟು ಅಸಹಾಯಕಳಾಗಿ ಕುಳಿತದ್ದು ನೆನಪಿಲ್ಲ.

"ಅಮ್ಮಾ" ಎಂದು ಅಂಗಳದಿಂದ ದನಿ ಬಂತು. ಶಾಂತಾಬಾಯಿ ನಿಂತಿದ್ದಳು. ಸೊಂಟದ ಮೇಲೆ ತುಂಬಿದ ಕೊಡ, ಕೊಡದ ಬಾಯಿಗೆ ಬಿಳಿ ಬಟ್ಟೆ ಕಟ್ಟಿತ್ತು.

ಆ ಅಂಗಳದ ವಿಷಯ ಊರಿಗೆಲ್ಲ ಗೊತ್ತಿದ್ದದ್ದೇ. ಖಣಿ ಓಣಿಯವರು ಅಲ್ಲಿಯವರೆಗೆ ಬರುತ್ತಿದ್ದರು, ಅಲ್ಲೇ ನಿಲ್ಲುತ್ತಿದ್ದರು. ಹಿಂದೆ ನೀರು ಕೇಳಿದರೆ ಮೇಲಿನಿಂದ ಬೊಗಸೆಗೆ ಹೊಯ್ಯುತ್ತಿದ್ದರಂತೆ. ಕಾಯ್ದೆ ಬಂತು, ಕಾಲ ಬದಲಾಯಿತು, ಮಗ ಅವರೊಡನೆ ಕೂತು ಚಹಾ ಕುಡಿಯುವವನಾದ. ಅಡಿಗೆಮನೆ ಮಾತ್ರ ನೀಲಮ್ಮನವರದಾಗಿತ್ತು. ಅಲ್ಲಿಯ ಒಲೆಯ ಮೇಲೆ ಹೊರಗಿನವರ ಕೊಡದ ನೀರು ಕುದ್ದಿರಲಿಲ್ಲ. ಇದು ಶಾಂತಾಬಾಯಿಗೂ ಗೊತ್ತಿತ್ತು. ಅದಕ್ಕೇ ಅವಳು ಮೆಟ್ಟಿಲ ಕೆಳಗೆ ನಿಂತಿದ್ದಳು.

"ಏನದು?" ಎಂದರು ನೀಲಮ್ಮ.

"ನೀರ್ರಿ ಅಮ್ಮಾ. ಬ್ಯಾಳಿ ಬೇಯವಲ್ದು ಅಂತ ಕೇಳ್ದೆ."

"ಯಾವ ನೀರು?"

"ನಿಮ್ಮವೇ ರೀ. ನೀವು ಬಿಟ್ಟ ನೀರು. ನಮ್ಮ ಟ್ಯಾಂಕರ್‌ನ್ಯಾಗ ಬಂದಾವ."

ಸೊಸೆ ಒಳಬಾಗಿಲಲ್ಲಿ ನಿಂತಲ್ಲೇ ನಿಂತಳು. ದಿನ ಬಿಟ್ಟು ದಿನ ಬರುವ ನೀರಿನಲ್ಲಿ ಒಂದು ತುಂಬಿದ ಕೊಡ ಎಂದರೆ ಆ ಓಣಿಯಲ್ಲಿ ಎಷ್ಟು ಎಂದು ನನಗೆ ಗೊತ್ತಿತ್ತು. ನೀಲಮ್ಮ ಕೊಡವನ್ನು ನೋಡಿದರು, ಕೊಡ ಹೊತ್ತವಳನ್ನು ನೋಡಿದರು. ಅವರ ಕೈ ಕೊರಳ ಲಿಂಗದ ಮೇಲೆ ಹೋಗಿ ಅಲ್ಲೇ ನಿಂತಿತು.

"ಹೊರಗ ಯಾಕ ನಿಂತಿ?" ಎಂದರು ಕೊನೆಗೆ. "ಒಲಿ ಒಳಗದ."

ಶಾಂತಾಬಾಯಿ ಅಲುಗಲಿಲ್ಲ.

"ನನ್ನ ಕೈಲಿ ಕೊಡ ಎತ್ತಾಕ ಆಗಂಗಿಲ್ಲವಾ. ನೀನೇ ಬಂದು ಬ್ಯಾಳಿಗಿ ಹಾಕು."

ಅವಳು ಮೆಟ್ಟಿಲು ಹತ್ತಿದಳು. ನನ್ನ ಪಕ್ಕದಿಂದ ಹಾದು ಒಳಗೆ ಹೋದಳು. ಸೊಸೆ ಒಲೆಯ ಮೇಲೆ ಬೇರೆ ಪಾತ್ರೆ ಇಟ್ಟು ಬೇಳೆ ತೊಳೆಯಲು ಕೊಟ್ಟಳು. ಶಾಂತಾಬಾಯಿ ಕೊಡ ಬಗ್ಗಿಸಿ ನೀರು ಹೊಯ್ದಳು. ನನ್ನ ಕಣ್ಣಲ್ಲಿ ನೀರು ಬಂದಿತ್ತು, ಒಗ್ಗರಣೆಯ ಹೊಗೆ ಎಂದು ಹೇಳಿಕೊಳ್ಳಲು ಅಲ್ಲಿ ಒಗ್ಗರಣೆಯೂ ಇರಲಿಲ್ಲ. ಬೇಳೆ ಬೇಯುವವರೆಗೆ ನಾವು ನಾಲ್ವರು ಹೆಂಗಸರು ಆ ಅಡಿಗೆಮನೆಯಲ್ಲೇ ಕುಳಿತೆವು. ಬೇಸಿಗೆಯ ಮಾತು, ಕೊಡ್ಲಿಯ ಮಾತು, ಪಾಲಿಶ್ ಮಶೀನಿನ ದೂಳಿನ ಮಾತು. ಬೇಳೆ ಉಕ್ಕಿ ಮುಚ್ಚಳ ಎತ್ತಿತು. ನೀಲಮ್ಮ ಸೌಟಿನಿಂದ ಒಂದು ಹೋಳು ತೆಗೆದು ಬೆರಳ ನಡುವೆ ಹಿಚುಕಿದರು. ಬೆಣ್ಣೆಯ ಹಾಗೆ ನುಣ್ಣಗಾಯಿತು. ಮೊದಲ ತಟ್ಟೆ ಶಾಂತಾಬಾಯಿಗೆ ಬಡಿಸಿದರು.

ನಾನು ಹೊರಡಲು ಎದ್ದಾಗ ನಳದ ವಿಷಯ ನಾನಾಗಿ ತೆಗೆಯಬೇಕೋ ಬೇಡವೋ ತಿಳಿಯದೆ ಬಾಗಿಲಲ್ಲಿ ನಿಂತೆ. ನೀಲಮ್ಮನವರೇ ಹೇಳಿದರು. "ಆ ನಳದ ಮಾತು ಮರತುಬಿಡು. ಮೊದಲ ಇಕಿ ಮನಿಗಿ ನಳ ಹಚ್ಚಸು, ಆಮ್ಯಾಲ ನನ್ನ ಮನಿಗಿ."

ಅವತ್ತಿನಿಂದ ಟ್ಯಾಂಕರ್ ಬಂದ ದಿನವೆಲ್ಲ ಖಣಿ ಓಣಿಯಿಂದ ಪೇಟೆ ಓಣಿಗೆ ಕೊಡಗಳು ಹೋಗತೊಡಗಿದವು. ಬೇರೆ ಬೇರೆ ಮನೆಗಳಿಗೆ, ಬೇರೆ ಬೇರೆ ಹೆಂಗಸರು. ಎಲ್ಲ ಮನೆಗಳಲ್ಲೂ ಅವರನ್ನು ಒಳಗೆ ಕರೆದರು ಎಂದು ಬರೆದರೆ ಸುಳ್ಳಾಗುತ್ತದೆ. ಕೆಲವರು ಅಂಗಳದಲ್ಲೇ ಇಳಿಸಿಕೊಂಡರು, ಒಂದೆರಡು ಮನೆಯವರು ಬೇಡವೆಂದರು. ಆದರೆ ನಳ ಕೇಳಿಕೊಂಡು ಮಾತ್ರ ಯಾರೂ ಬರಲಿಲ್ಲ. ಎರಡು ತಿಂಗಳು ಕಳೆಯಿತು, ಟ್ಯಾಂಕರ್ ಉಳಿಯಿತು. ಮುಂದಿನ ವರ್ಷ ಅನುದಾನ ಬಂದು ಬಂಡೆ ಕಡಿದು ಖಣಿ ಓಣಿಗೆ ಪೈಪು ಹೋಯಿತು. ಆ ಹೊತ್ತಿಗೆ ನಾನು ನಿವೃತ್ತಳಾಗಿದ್ದೆ. ಖಾಜಾ ಫೋನ್ ಮಾಡಿ ತಿಳಿಸಿದ.

ನನ್ನ ಜಾಗಕ್ಕೆ ಬಂದ ಕಿರಿಯ ಅಧಿಕಾರಿಗಳು ಕೆಲವೊಮ್ಮೆ ಸಲಹೆ ಕೇಳುತ್ತಾರೆ. ಖರ್ಚು ಇಳಿಸುವ ಉಪಾಯಗಳು ನನ್ನಲ್ಲಿ ಇಲ್ಲ, ಜನರಲ್ಲಿ ಇವೆ ಎನ್ನುತ್ತೇನೆ. ಮೂವತ್ತು ವರ್ಷ ನಾನು ಊರೂರಿನಲ್ಲಿ ನಿಂತು ನಿಮಗೇನು ಬೇಕು ಎಂದು ಕೇಳಿದೆ, ಅವರು ಪಟ್ಟಿ ಓದಿದರು. ನೀವೇನು ಬಿಡುತ್ತೀರಿ ಎಂದು ಒಮ್ಮೆ ಕೇಳಿದ್ದಕ್ಕೆ, ಅದೂ ನಾನಲ್ಲ, ಎಲ್ಲರಿಗಿಂತ ಕಡಿಮೆ ಇದ್ದವಳೊಬ್ಬಳು ಕೇಳಿದ್ದಕ್ಕೆ, ನಳ ಬಿಟ್ಟರು. ನಳದ ಜೊತೆಗೆ ನೀಲಮ್ಮ ಅಡಿಗೆಮನೆಯ ಬಾಗಿಲಲ್ಲಿ ಇನ್ನೊಂದನ್ನೂ ಬಿಟ್ಟರು. ಅದನ್ನು ಬಿಡಿ ಎಂದು ಯಾವ ಸಭೆಯಲ್ಲೂ ಯಾರೂ ಅವರನ್ನು ಕೇಳಿರಲಿಲ್ಲ.